ಒಂದು ಹೋಟೆಲ್ ಕೋಣೆ, ನಲವತ್ತು ವರ್ಷದ ಹಠ: ಬೇಸ್‌ಬಾಲ್ ಕೋಚ್ ಬ್ರ್ಯಾಂಚ್ ರಿಕಿ

ಅಮೆರಿಕದಲ್ಲಿರುವ ಮಗನ ಮನೆಗೆ ಏಪ್ರಿಲ್ ತಿಂಗಳಲ್ಲಿ ಹೋದವರು ಟಿ.ವಿ.ಯಲ್ಲಿ ಒಂದು ವಿಚಿತ್ರ ನೋಡಿರಬಹುದು. ಏಪ್ರಿಲ್ 15ರಂದು ಮೇಜರ್ ಲೀಗ್ ಬೇಸ್‌ಬಾಲ್ ಆಡುವವರೆಲ್ಲರ ಬೆನ್ನ ಮೇಲೂ ಒಂದೇ ಸಂಖ್ಯೆ, 42. ಅದು ಜಾಕಿ ರಾಬಿನ್‌ಸನ್ ಅವರ ಸಂಖ್ಯೆ. 1947ರ ಅದೇ ದಿನ, ಬಿಳಿಯರಿಗಷ್ಟೇ ಮೀಸಲಾಗಿದ್ದ ಈ ಲೀಗಿನಲ್ಲಿ ಅವರು ಆಡಲಿಳಿದರು. ಅವರನ್ನು ಕರೆತಂದವರು ಬ್ರ್ಯಾಂಚ್ ರಿಕಿ. ಅವರ ಆ ನಿರ್ಧಾರದ ಬೇರು ಅವರು ಕಾಲೇಜು ಕೋಚ್ ಆಗಿದ್ದ ದಿನಗಳಲ್ಲಿತ್ತು.

ರಿಕಿ ಹುಟ್ಟಿದ್ದು 1881ರಲ್ಲಿ, ಒಹಾಯೊ ರಾಜ್ಯದ ದಕ್ಷಿಣದ ಸ್ಟಾಕ್‌ಡೇಲ್ ಎಂಬಲ್ಲಿ. ರೈತಾಪಿ ಕುಟುಂಬ, ದೈವಭಕ್ತ ಮನೆತನ. ಹಳ್ಳಿಶಾಲೆಯಲ್ಲಿ ಪಾಠ ಹೇಳಿ, ಆಮೇಲೆ ಒಹಾಯೊ ವೆಸ್ಲಿಯನ್ ವಿಶ್ವವಿದ್ಯಾಲಯ ಸೇರಿದರು. ರಜೆಯಲ್ಲಿ ಹಣಕ್ಕಾಗಿ ಆಡಿದ್ದರಿಂದ ಕಾಲೇಜು ತಂಡದಲ್ಲಿ ಆಡುವ ಅರ್ಹತೆ ಹೋಯಿತು. ಇಪ್ಪತ್ತೊಂದು, ಇಪ್ಪತ್ತೆರಡರ ವಯಸ್ಸಿಗೇ ಅದೇ ತಂಡಕ್ಕೆ ಕೋಚ್ ಆದರು.

ಆ ತಂಡದಲ್ಲಿ ಚಾರ್ಲ್ಸ್ ಥಾಮಸ್ ಎಂಬ ಕಪ್ಪು ಹುಡುಗನಿದ್ದ. ಕ್ಯಾಚರ್, ಅಂದರೆ ನಮ್ಮ ಕ್ರಿಕೆಟ್ಟಿನ ವಿಕೆಟ್ ಕೀಪರ್ ಇದ್ದ ಹಾಗೆ. ಪಂದ್ಯಕ್ಕೆಂದು ಇಂಡಿಯಾನಾದ ಸೌತ್ ಬೆಂಡ್‌ಗೆ ಹೋದಾಗ ಹೋಟೆಲಿನವರು ಉಳಿದೆಲ್ಲರಿಗೂ ಕೋಣೆ ಕೊಟ್ಟರು, ಥಾಮಸ್‌ಗೆ ಮಾತ್ರ ಇಲ್ಲ ಎಂದರು. ರಿಕಿ ಪಟ್ಟು ಬಿಡದೆ ವಾದಿಸಿ, ತಮ್ಮ ಕೋಣೆಯಲ್ಲೇ ಇನ್ನೊಂದು ಮಂಚ ಹಾಕಿಸಿದರು. ಮೇಲೆ ಹೋಗಿ ನೋಡಿದರೆ ಹುಡುಗ ಅಳುತ್ತ, ಬಣ್ಣವನ್ನೇ ಕಿತ್ತುಹಾಕುವವನಂತೆ ತನ್ನ ಕೈಗಳ ಚರ್ಮವನ್ನು ಉಜ್ಜಿಕೊಳ್ಳುತ್ತಿದ್ದ. ಈ ದೃಶ್ಯ ತಮ್ಮನ್ನು ಬಿಡದೆ ಕಾಡಿತೆಂದು ರಿಕಿ ಮುಪ್ಪಿನವರೆಗೂ ಹೇಳುತ್ತಿದ್ದರು. ಥಾಮಸ್ ಮುಂದೆ ದಂತವೈದ್ಯರಾದರು.

ಆಟಗಾರನಾಗಿ ರಿಕಿ ಅವರದು ದೊಡ್ಡ ಹೆಸರಲ್ಲ. ತಾಯಿಗೆ ಕೊಟ್ಟ ಮಾತಿನಂತೆ ಭಾನುವಾರ ಆಡುತ್ತಿರಲಿಲ್ಲ. ಇದೇ ಕಾರಣಕ್ಕೆ 1904ರಲ್ಲಿ ಸಿನ್ಸಿನಾಟಿ ತಂಡ ಅವರನ್ನು ಬಿಟ್ಟಿತು. ಕ್ಷಯರೋಗದಿಂದ ಚೇತರಿಸಿಕೊಂಡು ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿದರು. 1910ರಿಂದ 1913ರವರೆಗೆ ಅಲ್ಲಿನ ಬೇಸ್‌ಬಾಲ್ ತಂಡವನ್ನು ಪಳಗಿಸಿದರು. ಮುಂದೆ ಮಹಾನ್ ಬ್ಯಾಟ್ಸ್‌ಮನ್ ಎನಿಸಿದ ಜಾರ್ಜ್ ಸಿಸ್ಲರ್ ಅಲ್ಲಿ ಅವರ ಕೈಕೆಳಗೆ ಆಡಿದವರು.

ಬಳಿಕ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ಆಡಳಿತಗಾರರಾಗಿ ಹೊಸ ಪದ್ಧತಿಯೊಂದನ್ನು ಬೆಳೆಸಿದರು. ದುಡ್ಡು ಸುರಿದು ಆಟಗಾರರನ್ನು ಕೊಳ್ಳಲು ಆ ತಂಡಕ್ಕೆ ಶಕ್ತಿಯಿರಲಿಲ್ಲ. ಹಾಗಾಗಿ ಸಣ್ಣ ಊರುಗಳ ಕಿರಿಯ ತಂಡಗಳನ್ನು ತಮ್ಮದಾಗಿಸಿಕೊಂಡು ಎಳೆಯರನ್ನು ಅಲ್ಲೇ ತಯಾರು ಮಾಡಿದರು. ಸಸಿಮಡಿಯಲ್ಲಿ ಬೆಳೆಸಿ ಗದ್ದೆಗೆ ನಾಟಿ ಮಾಡಿದಂತೆ. ಇಂದು ಎಲ್ಲ ದೊಡ್ಡ ತಂಡಗಳೂ ಇದೇ ದಾರಿಯಲ್ಲಿವೆ. ಸಂಬಳದ ವಿಷಯದಲ್ಲಿ ಮಾತ್ರ ರಿಕಿ ಮಹಾ ಜಿಪುಣ ಎಂದು ಆಟಗಾರರು ಗೊಣಗುತ್ತಿದ್ದರು.

1942ರ ಕೊನೆಗೆ ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಹೊಣೆ ಹೊತ್ತರು. ಕಪ್ಪು ಆಟಗಾರರನ್ನು ಸೇರಿಸಬಾರದೆಂದು ಎಲ್ಲೂ ಬರೆದಿರಲಿಲ್ಲ, ಆದರೂ ಆರು ದಶಕಗಳಿಂದ ಯಾರೂ ಸೇರಿಸಿರಲಿಲ್ಲ. ರಿಕಿ ಸದ್ದಿಲ್ಲದೆ ಹುಡುಕಾಟಕ್ಕೆ ಜನ ಕಳಿಸಿದರು. 1945ರ ಆಗಸ್ಟ್ 28ರಂದು ರಾಬಿನ್‌ಸನ್ ಅವರನ್ನು ಕಚೇರಿಗೆ ಕರೆಸಿ ಸುಮಾರು ಮೂರು ಗಂಟೆ ಕೂರಿಸಿದರು. ಮೈದಾನದಲ್ಲಿ, ಹೋಟೆಲಿನಲ್ಲಿ, ರೈಲಿನಲ್ಲಿ ಎದುರಾಗಬಹುದಾದ ಬೈಗುಳಗಳನ್ನು ತಾವೇ ಬೈದು ತೋರಿಸಿದರು. ಆರಂಭದಲ್ಲಿ ಎಷ್ಟೇ ಕೆಣಕಿದರೂ ತಿರುಗಿಬೀಳುವುದಿಲ್ಲವೆಂಬ ಮಾತು ತೆಗೆದುಕೊಂಡರು. 1946ರಲ್ಲಿ ಕೆನಡಾದ ಮಾಂಟ್ರಿಯಲ್‌ನ ಕಿರಿಯ ತಂಡದಲ್ಲಿ ಆಡಿಸಿ, ಮರುವರ್ಷ ಬ್ರೂಕ್ಲಿನ್‌ಗೆ ತಂದರು. ಆ ವರ್ಷದ ಶ್ರೇಷ್ಠ ಹೊಸ ಆಟಗಾರ ಎಂಬ ಪ್ರಶಸ್ತಿ ರಾಬಿನ್‌ಸನ್ ಅವರದಾಯಿತು.

ಇದರಲ್ಲಿ ವ್ಯಾಪಾರದ ಲೆಕ್ಕವೂ ಇತ್ತು. ಒಳ್ಳೆಯ ಆಟಗಾರ ಬಂದರೆ ತಂಡ ಗೆಲ್ಲುತ್ತದೆ, ಟಿಕೆಟ್ ಮಾರಾಟವಾಗುತ್ತದೆ. ರಾಬಿನ್‌ಸನ್ ಮೊದಲು ಆಡುತ್ತಿದ್ದ, ಕಪ್ಪು ಆಟಗಾರರ ಕ್ಯಾನ್ಸಸ್ ಸಿಟಿ ಮೊನಾರ್ಕ್ಸ್ ತಂಡಕ್ಕೆ ರಿಕಿ ಬಿಡಿಗಾಸೂ ಕೊಡಲಿಲ್ಲ. ಆ ದೂರು ನ್ಯಾಯವಾದದ್ದೇ. ಆದರೆ ಲೆಕ್ಕಾಚಾರ ಮಾಡಲು ಇತರ ತಂಡಗಳ ಮಾಲೀಕರಿಗೂ ಬರುತ್ತಿತ್ತು. ಬಾಗಿಲು ತೆರೆದವರು ರಿಕಿ ಒಬ್ಬರೇ.

ಆಮೇಲೆ ಪಿಟ್ಸ್‌ಬರ್ಗ್ ತಂಡದಲ್ಲಿದ್ದಾಗ ಪೋರ್ಟೊರಿಕೊದ ರಾಬರ್ಟೊ ಕ್ಲೆಮೆಂಟೆ ಅವರನ್ನು ಸೇರಿಸಿಕೊಂಡರು. ಬ್ಯಾಟ್ ಮಾಡುವವರ ತಲೆಗೆ ಹೆಲ್ಮೆಟ್ ಹಾಕಿಸಿದರು. ಸಮಾನ ಹಕ್ಕಿನ ಪರವಾಗಿ ಊರೂರಲ್ಲಿ ಭಾಷಣ ಮಾಡಿದರು. 1956ರಲ್ಲಿ ಅಟ್ಲಾಂಟಾದ ಸಭೆಯೊಂದರಲ್ಲಿ ಚಾರ್ಲ್ಸ್ ಥಾಮಸ್ ಕಥೆಯನ್ನು ಮತ್ತೆ ಹೇಳಿದರು. 1965ರ ನವೆಂಬರ್‌ನಲ್ಲಿ ಮಿಸೌರಿಯ ಕೊಲಂಬಿಯಾದಲ್ಲಿ ಸನ್ಮಾನ ಸ್ವೀಕರಿಸಿ ಮಾತನಾಡುತ್ತಿರುವಾಗಲೇ ಕುಸಿದರು. ಡಿಸೆಂಬರ್ 9ರಂದು, 83ರ ವಯಸ್ಸಿನಲ್ಲಿ ತೀರಿಕೊಂಡರು. 1967ರಲ್ಲಿ ಬೇಸ್‌ಬಾಲ್ ಹಾಲ್ ಆಫ್ ಫೇಮ್ ಗೌರವ ಸಂದಿತು.

ಪರದೇಶಕ್ಕೆ ಮಕ್ಕಳನ್ನು ಕಳಿಸಿದ ಮನೆಗಳಲ್ಲಿ ಮೊದಲು ಕೇಳುವ ಪ್ರಶ್ನೆ, ಉಳಿಯಲು ಜಾಗ ಸಿಕ್ಕಿತೇ ಎಂಬುದು. ಥಾಮಸ್‌ಗೆ ಆ ರಾತ್ರಿ ಜಾಗ ಸಿಕ್ಕಿದ್ದು ಒಬ್ಬ ಎಳೆಯ ಕೋಚ್ ಹಿಂದೆ ಸರಿಯದಿದ್ದುದರಿಂದ. ಏಪ್ರಿಲ್ 15ರಂದು 42ನೇ ಸಂಖ್ಯೆಯ ಅಂಗಿ ಕಂಡಾಗ ಮೊಮ್ಮಕ್ಕಳಿಗೆ ರಾಬಿನ್‌ಸನ್ ಜೊತೆಗೆ ಈ ಇಬ್ಬರ ಕಥೆಯನ್ನೂ ಹೇಳಬಹುದು.