ವಾಲೆಸ್ ಕರೋಥರ್ಸ್ ಮಹಾಶಯರು

ನೈಲಾನ್ ಎಂಬ ಹೆಸರನ್ನು ಕೇಳದವರು ಇಂದು ವಿರಳ. ಬೆಸ್ತರ ಬಲೆ, ಹಗ್ಗ, ಹಲ್ಲುಜ್ಜುವ ಬ್ರಷ್ಷು, ಉಡುವ ಬಟ್ಟೆ, ಯಂತ್ರದ ಹಲ್ಲುಚಕ್ರ ಇವೆಲ್ಲಕ್ಕೂ ಅದು ಒದಗುತ್ತಿದೆ. ಅದನ್ನು ಲೋಕಕ್ಕಿತ್ತ ಅಮೆರಿಕದ ರಸಾಯನಶಾಸ್ತ್ರಜ್ಞ ವಾಲೆಸ್ ಹ್ಯೂಮ್ ಕರೋಥರ್ಸರ ಕೀರ್ತಿಯೂ ದೊಡ್ಡದೇ. ಆದರೆ ಆ ಕೀರ್ತಿಯ ಬುಡದಲ್ಲಿ ಒಂದು ಸರಳ ಲೆಕ್ಕವಿರುವುದನ್ನು ಬಲ್ಲವರು ಕೆಲವರೇ.

ಕರೋಥರ್ಸರು 1896ನೆಯ ಏಪ್ರಿಲ್ 27ರಂದು ಅಯೋವಾ ಸಂಸ್ಥಾನದ ಬರ್ಲಿಂಗ್ಟನ್ ಪಟ್ಟಣದಲ್ಲಿ ಜನಿಸಿದರು. ತಂದೆಯವರು ವಾಣಿಜ್ಯ ವಿದ್ಯಾಲಯವೊಂದರಲ್ಲಿ ಉಪಾಧ್ಯಾಯರಾಗಿದ್ದರು. ಮಗನೂ ಮೊದಲು ಕಲಿತದ್ದು ಲೆಕ್ಕಪತ್ರದ ವಿದ್ಯೆಯನ್ನೇ. ಬಳಿಕ ಮಿಸ್ಸೂರಿಯ ಟಾರ್ಕಿಯೋ ಕಾಲೇಜನ್ನು ಸೇರಿ, ಅಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಇತರರಿಗೆ ರಸಾಯನಶಾಸ್ತ್ರವನ್ನು ಬೋಧಿಸಿದರು. 1924ರಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದಿಂದ ಡಾಕ್ಟರ್ ಪದವಿಯನ್ನು ಪಡೆದು, ಹಾರ್ವರ್ಡಿನಲ್ಲಿ ಕೆಲಕಾಲ ಅಧ್ಯಾಪಕರಾಗಿದ್ದು, 1928ರಲ್ಲಿ ಡ್ಯೂಪಾಂಟ್ ಕಂಪನಿಯ ಪ್ರಯೋಗಶಾಲೆಯನ್ನು ಸೇರಿದರು.

ಆಗ ವಿದ್ವಾಂಸರಲ್ಲಿ ಒಂದು ವಾದ ನಡೆದಿತ್ತು. ರಬ್ಬರು, ಹತ್ತಿ, ರೇಷ್ಮೆಗಳು ಬಹು ಉದ್ದವಾದ ಸರಪಣಿಯಂಥ ಅಣುಗಳೆಂದು ಜರ್ಮನಿಯ ಸ್ಟೌಡಿಂಗರರು ಹೇಳುತ್ತಿದ್ದರು. ಅನೇಕರು ಅದನ್ನು ನಂಬಲಿಲ್ಲ. ಕರೋಥರ್ಸರು ವಾದಕ್ಕಿಳಿಯದೆ, ಪರಿಚಿತವಾದ ಸಣ್ಣ ಅಣುಗಳನ್ನು ಒಂದೊಂದಾಗಿ ಜೋಡಿಸಿ ಅಂಥ ಸರಪಣಿಯನ್ನು ಕಟ್ಟಿಯೇ ತೋರಿಸಲು ಸಂಕಲ್ಪಿಸಿದರು.

ಎರಡೆರಡು ಕೈಗಳುಳ್ಳ ಜನರು ಕೈಕೈ ಹಿಡಿದು ಸಾಲಾಗಿ ನಿಲ್ಲುವರೆಂದು ವಾಚಕರು ಭಾವಿಸಲಿ. ನೂರು ಕೈಗಳಲ್ಲಿ 95 ಕೂಡಿದರೆ ಸಾಲೊಂದಕ್ಕೆ ಸರಾಸರಿ 20 ಜನರಾಗುವರು. 99 ಕೂಡಿದರೆ 100 ಜನರು. ಇನ್ನರ್ಧ ಕೂಡಿದರೆ 200 ಜನರು. ಮೊದಲ ತೊಂಬತ್ತೈದರ ಶ್ರಮದಿಂದ ದೊರೆಯದ ಫಲವೆಲ್ಲ ಕೊನೆಯ ಒಂದೆರಡರಲ್ಲಿ ಅಡಗಿದೆ. ಕರೋಥರ್ಸರು 1936ರಲ್ಲಿ ಪ್ರಕಟಿಸಿದ, ಇಂದಿಗೂ ಅವರ ಹೆಸರಿನಿಂದಲೇ ಕರೆಯಲ್ಪಡುವ ಸಮೀಕರಣದ ಸಾರವಿದು.

ಕೂಡಿಕೆಯಲ್ಲಿ ಹುಟ್ಟುವ ನೀರು ಹಿಂದಿರುಗಿ ಸರಪಣಿಯನ್ನು ಕಡಿಯುತ್ತಿದ್ದುದರಿಂದ ಅಣುತೂಕವು ಸುಮಾರು 6,000ದಲ್ಲಿಯೇ ನಿಲ್ಲುತ್ತಿತ್ತು. ತೀವ್ರ ನಿರ್ವಾತದಲ್ಲಿ ಆ ನೀರನ್ನು ಸೆಳೆದು ತೆಗೆದಾಗ ತೂಕವು 12,000ವನ್ನು ಮೀರಿತು. 1930ರಲ್ಲಿ ಸಹಾಯಕರಾದ ಜೂಲಿಯನ್ ಹಿಲ್ಲರು ಅಂಥ ದ್ರವ್ಯದಿಂದ ಎಳೆಯನ್ನೆಳೆದರು. ಅದು ಅಲ್ಪ ಶಾಖಕ್ಕೇ ಕರಗುತ್ತಿದ್ದುದರಿಂದ ಬಟ್ಟೆಗೆ ಒದಗಲಿಲ್ಲ. ಮುಂದೆ 1935ನೆಯ ಫೆಬ್ರವರಿ 28ರಂದು, ಆರಾರು ಇಂಗಾಲದ ಪರಮಾಣುಗಳುಳ್ಳ ಒಂದು ಆಮ್ಲವನ್ನೂ ಒಂದು ಅಮೈನನ್ನೂ ಕೂಡಿಸಿ ನೈಲಾನನ್ನು ಪಡೆದರು.

ಉದ್ದಮಾಡಿದರೆ ಸಾಲದು, ಉದ್ದವನ್ನು ಹಿಡಿತದಲ್ಲಿಡಬೇಕು. ಸರಪಣಿ ಗಿಡ್ಡಾದರೆ ನೂಲು ಮುರಿಯುವುದು. ಅತಿ ಉದ್ದವಾದರೆ ಕರಗಿದ ದ್ರವವು ಮಂದವಾಗಿ ಸಣ್ಣ ರಂಧ್ರಗಳಲ್ಲಿ ಇಳಿಯದು. ಎರಡು ದ್ರವ್ಯಗಳು ಸಮಸಂಖ್ಯೆಯಲ್ಲಿರಬೇಕು. ಒಂದು ನೂರರಲ್ಲಿ ಒಂದಂಶ ಕಡಮೆಯಾದರೂ ಸರಪಣಿಯು ಸರಾಸರಿ 200 ಕೊಂಡಿಗಳಾಚೆ ಬೆಳೆಯದು. ಆದುದರಿಂದ ಎರಡನ್ನೂ ಮೊದಲು ಲವಣವಾಗಿಸಿ, ಶುದ್ಧಗೊಳಿಸಿ ಸಮಮಾಡುವರು. ಬಳಿಕ ಒಂದೇ ಕೈಯುಳ್ಳ ಅಸಿಟಿಕ್ ಆಮ್ಲವನ್ನು ತುಸು ಬೆರೆಸಿ, ಬೇಕಾದಲ್ಲಿ ಬೆಳವಣಿಗೆಯನ್ನು ತಡೆಯುವರು.

ಆದರೂ ಸರಪಣಿಗಳೆಲ್ಲ ಒಂದೇ ಅಳತೆಯವಾಗಲಾರವು. ಗಿಡ್ಡವೂ ಉದ್ದವೂ ಯಾವ ಪ್ರಮಾಣದಲ್ಲಿ ಬೆರೆತಿರುವುವೆಂಬ ನಿಯಮವನ್ನು 1936ರಲ್ಲಿ ತಿಳಿಸಿದವರು ಕರೋಥರ್ಸರ ಕೈಕೆಳಗಿದ್ದ ತರುಣ ಪಾಲ್ ಫ್ಲೋರಿಯವರು. 1974ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಗುರುವಿನ ಪಾಲಿಗೆ ಅಂಥ ದೀರ್ಘಾಯುಸ್ಸಿರಲಿಲ್ಲ. 1936ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯು ಅವರನ್ನು ಸದಸ್ಯರನ್ನಾಗಿ ಆರಿಸಿತು. ಅದೇ ವರ್ಷ ವಿವಾಹವೂ ಆಯಿತು. ಆದರೆ ಬಹುಕಾಲದಿಂದ ಕಾಡುತ್ತಿದ್ದ ವಿಷಾದರೋಗವು ಬಿಡಲಿಲ್ಲ. 1937ರ ಆರಂಭದಲ್ಲಿ ಪ್ರೀತಿಯ ತಂಗಿ ತೀರಿಕೊಂಡರು. ತಮ್ಮಿಂದ ಏನೂ ಸಾಧಿತವಾಗಲಿಲ್ಲವೆಂಬ ಭಾವನೆಯಲ್ಲಿ ಅವರು ಆ ಏಪ್ರಿಲ್ 29ರಂದು, ನಾಲ್ವತ್ತೊಂದು ತುಂಬಿದ ಎರಡೇ ದಿನಗಳಲ್ಲಿ, ತಾವೇ ಪ್ರಾಣತ್ಯಾಗ ಮಾಡಿಕೊಂಡರು. ಮಗಳು ಹುಟ್ಟಿದ್ದು ಆ ವರ್ಷದ ನವೆಂಬರಿನಲ್ಲಿ.

ನೈಲಾನ್ ಎಂಬ ಹೆಸರನ್ನೇ ಅವರು ಕೇಳಲಿಲ್ಲ. ಕಂಪನಿಯು ಅದನ್ನು ಸಾರಿದ್ದು 1938ರ ಅಕ್ಟೋಬರಿನಲ್ಲಿ. 1940ನೆಯ ಮೇ 15ರಂದು ಅದರ ಕಾಲುಚೀಲಗಳು ಅಮೆರಿಕದಾದ್ಯಂತ ಮಾರಾಟಕ್ಕೆ ಬಂದಾಗ ಜನರು ಅಂಗಡಿಗಳಿಗೆ ಮುಗಿಬಿದ್ದರು. ಮಹಾಯುದ್ಧದಲ್ಲಿ ಅದೇ ನೂಲು ಪ್ಯಾರಾಷೂಟುಗಳಾಯಿತು. ಇಂದು ನೈಲಾನ್ ತಯಾರಾಗುವ ಪ್ರತಿಯೊಂದು ಕಾರ್ಖಾನೆಯಲ್ಲಿಯೂ ಕೊಂಡಿಗಳ ಅದೇ ಲೆಕ್ಕವು ನಡೆಯುತ್ತಿದೆ. ಏನನ್ನೂ ಸಾಧಿಸಲಿಲ್ಲವೆಂದು ನೊಂದು ಹೋದ ಆ ಮಹನೀಯರಿಗೆ ಇದಕ್ಕಿಂತ ದೊಡ್ಡ ಉತ್ತರವನ್ನು ಲೋಕವು ಕೊಡಲಾರದು. ಅದನ್ನು ಕೇಳಲು ಅವರು ಉಳಿಯಲಿಲ್ಲವೆಂಬುದೇ ವ್ಯಥೆ.