ಶ್ರೀಮತಿ ವಯೊಲೆಟ್ ಆಳ್ವ: ಕಾನ್ವೆಂಟ್ ಶಾಲೆಯಿಂದ ರಾಜ್ಯಸಭೆಯ ಪೀಠಕ್ಕೆ

ಪಡುಬಿದ್ರಿಯಿಂದ ಬೆಳ್ಳೆ ದೂರದ ಊರಲ್ಲ. ಆ ಬೆಳ್ಳೆ ಮೂಲದ ಆಳ್ವ ಮನೆತನಕ್ಕೆ ಸೊಸೆಯಾಗಿ ಬಂದು, ಮುಂದೆ ಭಾರತದ ರಾಜ್ಯಸಭೆಯ ಕಲಾಪವನ್ನು ನಡೆಸಿದ ಪ್ರಥಮ ಮಹಿಳೆ ಎಂಬ ಕೀರ್ತಿಗೆ ಪಾತ್ರರಾದ ಶ್ರೀಮತಿ ವಯೊಲೆಟ್ ಆಳ್ವರ ಹೆಸರನ್ನು ನಮ್ಮ ವಿಚಾರಣೆಯ ಹಿರಿಯರು ಬಲ್ಲರು. ಕಿರಿಯರಲ್ಲಿ ಬಲ್ಲವರು ವಿರಳ. ನಮ್ಮ ಹೆಣ್ಣುಮಕ್ಕಳು ಶಾಲೆಯ ವಾರ್ಷಿಕೋತ್ಸವಗಳಲ್ಲಿ ವೇದಿಕೆಯೇರಿ ನಿರ್ಭಯವಾಗಿ ಮಾತನಾಡುವುದನ್ನು ಇಂದು ನಾವು ಸಹಜವೆಂದೇ ಎಣಿಸಿದ್ದೇವೆ. ಅದು ಸಹಜವಲ್ಲದ ಕಾಲದಲ್ಲಿ ಕಾನ್ವೆಂಟಿನಲ್ಲಿ ಕಲಿತ ಒಬ್ಬ ತಬ್ಬಲಿ ಬಾಲಿಕೆಯ ಮಾತು ಎಲ್ಲಿಯವರೆಗೆ ತಲುಪಿತೆಂಬುದನ್ನು ಶತಮಾನೋತ್ಸವದ ಈ ಸಂಚಿಕೆಯಲ್ಲಿ ಸ್ಮರಿಸುವುದು ಉಚಿತವೆಂದು ನಾವು ಭಾವಿಸಿದೆವು.

ಇವರ ಜನನವಾದದ್ದು 1908ರ ಏಪ್ರಿಲ್ 24ರಂದು, ಅಹಮದಾಬಾದಿನಲ್ಲಿ. ತಂದೆ ರೆವರೆಂಡ್ ಲಕ್ಷ್ಮಣ ಹರಿಯವರು ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಪಾದ್ರಿಗಳಲ್ಲಿ ಒಬ್ಬರು. ಒಂಬತ್ತು ಮಂದಿ ಮಕ್ಕಳಲ್ಲಿ ಎಂಟನೆಯವರಾದ ವಯೊಲೆಟ್ ಹದಿನಾರರ ಪ್ರಾಯದಲ್ಲೇ ತಾಯಿತಂದೆಯರಿಬ್ಬರನ್ನೂ ಕಳೆದುಕೊಂಡರು. ಒಡಹುಟ್ಟಿದ ಹಿರಿಯರು ಕೈಬಿಡಲಿಲ್ಲ. ಮುಂಬಯಿಯ ಕ್ಲೇರ್ ರೋಡ್ ಕಾನ್ವೆಂಟಿನಲ್ಲಿ ಮೆಟ್ರಿಕ್ಯುಲೇಶನ್ ಮುಗಿಸಿ, ಯೇಸುಸಭೆಯವರ ಸಂತ ಕ್ಸೇವಿಯರ್ ಕಾಲೇಜಿನಲ್ಲಿ ಪದವಿ ಪಡೆದು, ಸರಕಾರಿ ಕಾನೂನು ಕಾಲೇಜಿನಲ್ಲಿ ವಕೀಲಿ ವಿದ್ಯೆಯನ್ನು ಅಭ್ಯಸಿಸಿದರು. ಬಳಿಕ ಕೆಲಕಾಲ ಮಹಿಳಾ ವಿಶ್ವವಿದ್ಯಾನಿಲಯದಲ್ಲಿ ಆಂಗ್ಲ ಭಾಷೆಯ ಪ್ರಾಧ್ಯಾಪಕಿಯಾಗಿದ್ದರು. ಕಲಿತ ಹುಡುಗಿ ಕಲಿಸುವವಳಾಗಿ ಹೆಣ್ಣುಮಕ್ಕಳೆದುರಿಗೇ ಮರಳಿ ನಿಂತಳೆಂಬುದನ್ನು ನಾವು ಸಣ್ಣ ಸಂಗತಿಯೆಂದು ತಿಳಿಯುವುದಿಲ್ಲ.

1937ರಲ್ಲಿ ಜೋಕಿಂ ಆಳ್ವರೊಡನೆ ಇವರ ವಿವಾಹವಾಯಿತು. ಆಂಗ್ಲಿಕನ್ ಪಾದ್ರಿಯ ಮಗಳು ದಕ್ಷಿಣ ಕನ್ನಡದ ಕಥೋಲಿಕ ಮನೆತನವನ್ನು ಸೇರುವುದು ಆ ದಿನಗಳಲ್ಲಿ ನಾಲ್ಕು ಮಂದಿಯ ಬಾಯಿಗೆ ಬೀಳುವಂಥ ಮಾತೇ. ದಂಪತಿಗಳಿಬ್ಬರೂ ವಕೀಲರು, ಇಬ್ಬರೂ ಸ್ವಾತಂತ್ರ್ಯ ಸಂಗ್ರಾಮಕ್ಕೆ ಧುಮುಕಿದವರು. 1943ರಲ್ಲಿ ಪತಿಯು 'ಫೋರಂ' ಎಂಬ ವಾರಪತ್ರಿಕೆಯನ್ನು ಸ್ಥಾಪಿಸಿದಾಗ ಪತ್ನಿಯೂ ಅದಕ್ಕೆ ಹೆಗಲು ಕೊಟ್ಟರು. ಅದೇ ವರ್ಷ ಬ್ರಿಟಿಷ್ ಸರಕಾರವು ಶ್ರೀಮತಿ ಆಳ್ವರನ್ನು ಬಂಧಿಸಿತು. ಐದು ತಿಂಗಳ ಹಸುಗೂಸಾಗಿದ್ದ ಚಿತ್ತರಂಜನನನ್ನು ಕಂಕುಳಲ್ಲಿ ಎತ್ತಿಕೊಂಡೇ ಅವರು ಆರ್ಥರ್ ರೋಡ್ ಸೆರೆಮನೆಯನ್ನು ಪ್ರವೇಶಿಸಿದರು. ನಮ್ಮ ಕ್ರೈಸ್ತ ಸಮಾಜವು ಸ್ವಾತಂತ್ರ್ಯ ಚಳವಳಿಯಲ್ಲಿ ಪಾಲುಗೊಳ್ಳಲಿಲ್ಲವೆಂದು ಆಡಿಕೊಳ್ಳುವವರು ಈ ತಾಯಿಯನ್ನೂ ಈ ಮಗುವನ್ನೂ ಒಮ್ಮೆ ನೆನೆಯಬೇಕು.

ಮರುವರ್ಷ, 1944ರಲ್ಲಿ, ಹೈಕೋರ್ಟಿನ ಪೂರ್ಣಪೀಠದ ಮುಂದೆ ವಾದಿಸಿದ ಭಾರತದ ಪ್ರಥಮ ಮಹಿಳಾ ನ್ಯಾಯವಾದಿಯೆಂಬ ಹೆಸರು ಅವರದಾಯಿತು. ಅದೇ ವರ್ಷ 'ದಿ ಬೇಗಂ' ಎಂಬ ಮಹಿಳಾ ಪತ್ರಿಕೆಯನ್ನು ಆರಂಭಿಸಿದರು. ಅದು ಮುಂದೆ 'ಇಂಡಿಯನ್ ವಿಮೆನ್' ಎಂಬ ಹೆಸರು ತಾಳಿತು. ಪತ್ರಿಕಾ ರಂಗದಲ್ಲಿ ಅವರಿಗಿದ್ದ ಸ್ಥಾನವೇನೆಂಬುದು 1952ರಲ್ಲಿ ತಿಳಿದುಬಂತು: ಅಖಿಲ ಭಾರತ ವೃತ್ತಪತ್ರಿಕಾ ಸಂಪಾದಕರ ಸಮ್ಮೇಳನದ ಸ್ಥಾಯೀ ಸಮಿತಿಗೆ ಚುನಾಯಿತರಾದ ಮೊದಲ ಮಹಿಳೆ ಅವರೇ. ಈ ನಡುವೆ 1948ರಿಂದ 1954ರವರೆಗೆ ಮುಂಬಯಿಯ ಬಾಲಾಪರಾಧಿಗಳ ನ್ಯಾಯಾಲಯದ ಅಧ್ಯಕ್ಷೆಯಾಗಿದ್ದರು. ಅವರ ಬಿರುದುಗಳೆಲ್ಲಕ್ಕಿಂತ ಈ ಕಾರ್ಯವೇ ನಮ್ಮ ಮನಸ್ಸಿಗೆ ಹೆಚ್ಚು ಹಿಡಿಸುತ್ತದೆ. ತಾನೇ ಎಳೆಯ ಪ್ರಾಯದಲ್ಲಿ ಅನಾಥಳಾದವಳು, ದಾರಿತಪ್ಪಿದ ಮಕ್ಕಳ ಅಹವಾಲನ್ನು ಆರು ವರ್ಷಕಾಲ ಕುಳಿತು ಆಲಿಸಿದಳು.

1952ರಲ್ಲಿ ಶ್ರೀಮತಿ ಆಳ್ವರು ರಾಜ್ಯಸಭೆಯನ್ನೂ ಶ್ರೀ ಜೋಕಿಂ ಆಳ್ವರು ಕೆನರಾ ಕ್ಷೇತ್ರದಿಂದ ಲೋಕಸಭೆಯನ್ನೂ ಸೇರಿ, ಸಂಸತ್ತಿನ ಮೊದಲ ದಂಪತಿಗಳೆನಿಸಿಕೊಂಡರು. ನೌಕಾಪಡೆಯ ಬಲವರ್ಧನೆ, ವಿದೇಶೀ ಬಂಡವಾಳದ ಬಗ್ಗೆ ಎಚ್ಚರಿಕೆ, ಭಾಷಾವಾರು ಪ್ರಾಂತಗಳು, ಪ್ರಯೋಗಶಾಲೆಗಳಲ್ಲಿ ಮೂಕಪ್ರಾಣಿಗಳು ಅನುಭವಿಸುವ ಹಿಂಸೆ, ಹೀಗೆ ಅವರು ಎತ್ತಿದ ವಿಷಯಗಳು ನಾನಾ ಬಗೆಯವು. ನಮ್ಮಂಥ ಗುರುಗಳಿಗೆ ಇರುಸುಮುರುಸು ತರುವ ಕುಟುಂಬ ಯೋಜನೆಯ ವಿಷಯವನ್ನೂ ಅವರು ಬಿಟ್ಟವರಲ್ಲ. 1957ರಲ್ಲಿ ಕೇಂದ್ರ ಗೃಹಖಾತೆಯ ಉಪಮಂತ್ರಿಯಾದರು. 1960ರಿಂದ ಮೈಸೂರು ರಾಜ್ಯದ ಪ್ರತಿನಿಧಿಯಾಗಿ, ಸೊಸೆಯಾಗಿ ಸೇರಿದ ನಾಡಿಗೇ ದನಿಯಾದರು.

1962ರ ಏಪ್ರಿಲಿನಲ್ಲಿ ರಾಜ್ಯಸಭೆಯ ಉಪಸಭಾಪತಿಯಾಗಿ ಆಯ್ಕೆಯಾದರು. 1966ರಲ್ಲಿ ಪುನಃ ಆಯ್ಕೆ. ಈ ಪದವಿಯ ವೈಚಿತ್ರ್ಯವನ್ನು ಓದುಗರು ಗಮನಿಸಬೇಕು. ನ್ಯಾಯಾಲಯದಲ್ಲಿ, ಪತ್ರಿಕೆಯಲ್ಲಿ, ಸಭೆಯಲ್ಲಿ ಮಾತೇ ಬಂಡವಾಳವಾಗಿದ್ದ ಸ್ತ್ರೀಗೆ ಈಗ ವಹಿಸಲಾದ ಕೆಲಸ, ತಾನು ಸುಮ್ಮನಿದ್ದು ಇತರರಿಗೆ ಮಾತನಾಡುವ ಅವಕಾಶವನ್ನು ನ್ಯಾಯವಾಗಿ ಹಂಚುವುದು. ಗದ್ದಲ ಮಾಡುವ ಪುರುಷರನ್ನು ಗದರಿಸಿ ಕೂರಿಸುವುದೂ ಅದರಲ್ಲಿ ಸೇರಿತ್ತು. ಏಳೂವರೆ ವರ್ಷ ಅವರು ಈ ಹೊಣೆಯನ್ನು ಹೊತ್ತರು.

1969ರ ಮೇ 3ರಂದು ರಾಷ್ಟ್ರಪತಿ ಝಾಕಿರ್ ಹುಸೇನರು ತೀರಿಕೊಂಡರು. ಉಪರಾಷ್ಟ್ರಪತಿ ವಿ. ವಿ. ಗಿರಿಯವರು ಆ ವರ್ಷ ರಾಷ್ಟ್ರಪತಿಯಾದುದರಿಂದ ಉಪರಾಷ್ಟ್ರಪತಿಯ ಸ್ಥಾನ ತೆರವಾಯಿತು. ರಾಜ್ಯಸಭೆಯ ಸಭಾಪತಿತ್ವವೂ ಆ ಸ್ಥಾನದೊಡನೆಯೇ ಬರತಕ್ಕದ್ದು. ಅಷ್ಟು ವರ್ಷ ಆ ಪೀಠದಲ್ಲಿ ಕುಳಿತು ಸಭೆ ನಡೆಸಿದ ಶ್ರೀಮತಿ ಆಳ್ವರು ಅದನ್ನು ಅಪೇಕ್ಷಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ. ಆದರೆ ಪ್ರಧಾನಿ ಇಂದಿರಾ ಗಾಂಧಿಯವರ ಬೆಂಬಲ ಅವರಿಗೆ ದೊರೆಯಲಿಲ್ಲ. ಮೈಸೂರಿನ ರಾಜ್ಯಪಾಲರಾಗಿದ್ದ ಜಿ. ಎಸ್. ಪಾಠಕರು ಉಪರಾಷ್ಟ್ರಪತಿಯಾದರು. ನವೆಂಬರಿನಲ್ಲಿ ಶ್ರೀಮತಿ ಆಳ್ವರು ಉಪಸಭಾಪತಿ ಪದವಿಗೆ ರಾಜೀನಾಮೆಯಿತ್ತರು. ಇದನ್ನು ಪದವಿಯ ಆಸೆಯೆಂದು ಕರೆದವರಿರಬಹುದು. ನಮಗೆ ಹಾಗೆ ತೋರುವುದಿಲ್ಲ. ಯೋಗ್ಯತೆಯುಳ್ಳವರು ತಮ್ಮ ಯೋಗ್ಯತೆಯನ್ನು ಅರಿತಿರುವುದು ಅಹಂಕಾರವಲ್ಲ. ಹೆಣ್ಣಾದಳೆಂದು ಅದನ್ನು ಮುಚ್ಚಿಟ್ಟುಕೊಳ್ಳುವುದು ವಿನಯವೂ ಅಲ್ಲ.

ರಾಜೀನಾಮೆಯ ಬಳಿಕ ವಾರ ತುಂಬುವ ಮೊದಲೇ, 1969ರ ನವೆಂಬರ್ 20ರ ಬೆಳಿಗ್ಗೆ, ಮೆದುಳಿನ ರಕ್ತಸ್ರಾವದಿಂದ ಹೊಸದಿಲ್ಲಿಯಲ್ಲಿ ಅವರು ದೈವಾಧೀನರಾದರು. ವಯಸ್ಸು ಅರುವತ್ತೊಂದು. ರಾಜ್ಯಸಭೆಯು ಅವರ ಗೌರವಾರ್ಥ ಕಲಾಪವನ್ನು ಮುಂದೂಡಿತು. ಪತಿ ಜೋಕಿಂ ಆಳ್ವರು ಇನ್ನೂ ಹತ್ತು ವರ್ಷ ಬದುಕಿದ್ದು, 1979ರಲ್ಲಿ ನಿಧನರಾದರು. 2008ರಲ್ಲಿ ಭಾರತೀಯ ಅಂಚೆ ಇಲಾಖೆಯು ದಂಪತಿಗಳಿಬ್ಬರ ಚಿತ್ರವಿರುವ ಅಂಚೆಚೀಟಿಯನ್ನು ಹೊರಡಿಸಿತು.

ಅವರ ಹಿರಿಯ ಮಗ ನಿರಂಜನರನ್ನು 1964ರಲ್ಲಿ ವರಿಸಿದವರು ಮಂಗಳೂರಿನ ಮಗಳು, ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜಿನಲ್ಲಿ ಧರ್ಮಭಗಿನಿಯರ ಬಳಿ ಕಲಿತ ಮಾರ್ಗರೆಟ್. ಅತ್ತೆ ತೀರಿಕೊಂಡು ಐದು ವರ್ಷ ತುಂಬುವ ಮೊದಲೇ, 1974ರಲ್ಲಿ, ಈ ಸೊಸೆ ರಾಜ್ಯಸಭೆಯನ್ನು ಪ್ರವೇಶಿಸಿದರು. 2022ರ ಆಗಸ್ಟಿನಲ್ಲಿ ಅತ್ತೆಗೆ ಒಲಿಯದ ಅದೇ ಉಪರಾಷ್ಟ್ರಪತಿ ಸ್ಥಾನಕ್ಕೆ ವಿರೋಧ ಪಕ್ಷಗಳ ಅಭ್ಯರ್ಥಿಯಾಗಿ ಸ್ಪರ್ಧಿಸಿದರು. ಅವರಿಗೂ ಅದು ಒಲಿಯಲಿಲ್ಲ.