ಸೂಕ್ಷ್ಮದರ್ಶಕದ ಮುಂದೆ ಬಿ.ಜಿ.ಎಲ್. ಸ್ವಾಮಿ

ಹೊಸಪೇಟೆಯಾಗಲಿ, ಕಂಪ್ಲಿಯಾಗಲಿ, ಶಾಲೆಯಲ್ಲಿ ಸೂಕ್ಷ್ಮದರ್ಶಕದ ಪಾಠ ಸಾಮಾನ್ಯವಾಗಿ ಈರುಳ್ಳಿಯ ಪೊರೆಯಿಂದಲೇ ಆರಂಭ. ಅಡುಗೆಮನೆಯ ಆ ತೆಳುಪೊರೆಯಲ್ಲಿ ಇಟ್ಟಿಗೆ ಗೋಡೆಯಂತೆ ಜೀವಕೋಶಗಳು ಕಾಣಿಸುತ್ತವೆ. ಇಂಥ ನೋಟವನ್ನೇ ಜೀವಮಾನದ ವೃತ್ತಿಯಾಗಿಸಿಕೊಂಡವರು ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿ.

ಡಿ.ವಿ. ಗುಂಡಪ್ಪನವರ ಪುತ್ರರಾಗಿ 1918ರಲ್ಲಿ ಜನಿಸಿದ ಸ್ವಾಮಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿದರು. ಆರ್ಕಿಡ್‌ಗಳ ಭ್ರೂಣ ಬೆಳವಣಿಗೆ ಅವರ ಆರಂಭದ ಸಂಶೋಧನಾ ವಿಷಯ. ಬಳಿಕ ಅಮೆರಿಕದ ಹಾರ್ವರ್ಡ್‌ನಲ್ಲಿ ಇರ್ವಿಂಗ್ ಬೈಲಿ ಅವರೊಡನೆ ಕೆಲಸ ಮಾಡಿದರು.

ಹೂಬಿಡುವ ಸಸ್ಯಗಳಲ್ಲಿ ಬೇರಿನ ನೀರು ಸಾಮಾನ್ಯವಾಗಿ ತುದಿ ತೆರೆದ ಕೋಶಗಳ ಸಾಲಿನಿಂದಾದ ನಾಳಗಳ ಮೂಲಕ ಮೇಲೇರುತ್ತದೆ. ಇದಕ್ಕೆ ಅಪವಾದಗಳು ಬೆರಳೆಣಿಕೆಯಷ್ಟು. ಸಾರ್ಕಾಂಡ್ರ ಎಂಬ ಗಿಡದ ಕಾಂಡವನ್ನು ಪರೀಕ್ಷಿಸಿದ ಇವರಿಬ್ಬರು, ಅದರಲ್ಲಿ ನಾಳಗಳೇ ಇಲ್ಲವೆಂದು 1950ರಲ್ಲಿ ಪ್ರಕಟಿಸಿದರು. ಹೂಗಿಡಗಳ ಪೂರ್ವಜರು ಯಾರೆಂಬ ಚರ್ಚೆಗೆ ಇದು ಮಹತ್ವದ ಸಾಕ್ಷ್ಯವಾಯಿತು.

ಅನಂತರ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ, ಪ್ರಾಂಶುಪಾಲರಾಗಿ ಸೇವೆ ಸಲ್ಲಿಸಿದರು. ವಿದ್ಯಾರ್ಥಿಗಳೊಂದಿಗಿನ ಕಾಡು ಸುತ್ತಾಟ 'ಹಸುರು ಹೊನ್ನು' ಕೃತಿಯಾಯಿತು. ಅದರ ಚಿತ್ರಗಳೂ ಅವರವೇ. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಕನ್ನಡಿಗರು ಅವರನ್ನು ನೆನೆಯುವುದು ಬಹುಮಟ್ಟಿಗೆ ಈ ಪುಸ್ತಕದಿಂದಲೇ. ಸಾರ್ಕಾಂಡ್ರದ ಹೆಸರು ಕೇಳಿದವರು ವಿರಳ.

1980ರ ನವೆಂಬರ್‌ನಲ್ಲಿ ಸ್ವಾಮಿ ನಿಧನರಾದರು. ಸಾರ್ಕಾಂಡ್ರದ ಕಥೆ ಅಲ್ಲಿಗೆ ಮುಗಿಯಲಿಲ್ಲ. 1987ರಲ್ಲಿ ಶೆರ್ವಿನ್ ಕಾರ್ಲ್‌ಕ್ವಿಸ್ಟ್ ಎಂಬ ಅಮೆರಿಕದ ವಿಜ್ಞಾನಿ ಅದೇ ಗಿಡದ ಬೇರುಗಳನ್ನು ಪರೀಕ್ಷಿಸಿ, ಅಲ್ಲಿ ನಾಳಗಳಿರುವುದನ್ನು ಪತ್ತೆಹಚ್ಚಿದರು.